ಅಮ್ಮನಿಗೆ ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ತಿಳಿದವರು ದಯವಿಟ್ಟು ಹೇಳಿ

ಮೂಡಿಗೆರೆ ತೋಟ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಎದೆಯಲ್ಲಿ ಗಂಟು ಇತ್ತು, ಸ್ತನ ಕ್ಯಾನ್ಸರ್ ಅಂದರು, ಹಾಸನದಲ್ಲಿ ಆಪರೇಷನ್ ಆಯಿತು. ಗಾಯ ಒಣಗಿದೆ, ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದಾರೆ. ಮುಂದೇನು ಅನ್ನುವುದೇ ಈಗಿನ ಚಿಂತೆ. "ಕೀಮೋ ಕೊಡಬಹುದು, ಕೊಡದೆಯೂ ಇರಬಹುದು. ಒಂದು ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತೆ" ಅಂದರು ಡಾಕ್ಟರು. ಸ್ಯಾಂಪಲ್ ಅಮೆರಿಕಕ್ಕೆ ಹೋಗಬೇಕಂತೆ. ಹೇಳಿದ ದುಡ್ಡು ಲಕ್ಷಗಳಲ್ಲಿದೆ.

ರಿಪೋರ್ಟಿನಲ್ಲಿ ಇರುವುದು ಇಷ್ಟು: ಗಂಟು 2.2 ಸೆಂ.ಮೀ., ಗ್ರೇಡ್ 2, ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್ (ಗಂಟು ಹಾರ್ಮೋನ್‌ಗೆ ಸ್ಪಂದಿಸುತ್ತೆ ಅಂತಂತೆ), ಹರ್-2 ನೆಗೆಟಿವ್ (ಗಂಟನ್ನು ಬೆಳೆಸುವ ಆ ಪ್ರೋಟೀನ್ ಜಾಸ್ತಿ ಇಲ್ಲ ಅಂತಂತೆ), ಕೆಐ-67 18% (ಒಡೆದು ಎರಡಾಗುತ್ತಿರುವ ಕೋಶಗಳ ಪಾಲಂತೆ). ಕಂಕುಳಿನ ಗ್ರಂಥಿಗಳಿಗೆ ನೋಡ್ ಅಂತಾರಂತೆ; ತೆಗೆದ 14 ನೋಡ್‌ಗಳಲ್ಲಿ ಯಾವುದಕ್ಕೂ ಹರಡಿಲ್ಲ.

ಮನೆಯಲ್ಲಿ ಇನ್ನೊಂದು ತಲೆನೋವು. ಜೀನ್ ಅಂದ ಕೂಡಲೇ ತಂಗಿ ಹೆದರಿಕೊಂಡಿದ್ದಾಳೆ. ಅವಳ ಮದುವೆ ಮಾತುಕತೆ ನಡೆಯುತ್ತಿದೆ. "ಟೆಸ್ಟ್ ಪಾಸಿಟಿವ್ ಬಂದರೆ ನನಗೂ ಬರುತ್ತೆ ಅಂತ ಅಲ್ವಾ? ಗಂಡಿನ ಕಡೆಯವರಿಗೆ ಗೊತ್ತಾದರೆ?" ಅಂತಾಳೆ. ಚಿಕ್ಕಪ್ಪ ಅಂತೂ ಟೆಸ್ಟೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಬೇಲೂರಿನ ಅಕ್ಕ

ತಮ್ಮಾ, ಧೈರ್ಯವಾಗಿರು. ನನಗೂ ಇದೇ ಕಾಯಿಲೆ ಬಂದು ವಾಸಿಯಾಗಿ ಓಡಾಡುತ್ತಿದ್ದೇನೆ. ನನ್ನದು ಹರ್-2 ಪಾಸಿಟಿವ್. ಹಾಗಾಗಿ ಈ ಜೀನ್ ಟೆಸ್ಟಿನ ಮಾತೇ ಬರಲಿಲ್ಲ, ಕೀಮೋ ಜೊತೆಗೆ ಹರ್-2ವನ್ನು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಕೊಟ್ಟರು. ಕೆಳಗೆ ಪ್ಯಾಥಾಲಜಿ ಮೇಡಂ ಬರೆಯುತ್ತಾರೆ ಅಂದುಕೊಂಡಿದ್ದೇನೆ, ಅವರ ಮಾತು ಕೇಳು. ಅಮ್ಮನ ಎದುರಿಗೆ ದುಡ್ಡಿನ ಮಾತು ಆಡಬೇಡಿ. ಮಕ್ಕಳಿಗೆ ಭಾರ ಆಗಬಾರದು ಅಂತ ನಾವು ಎಲ್ಲದಕ್ಕೂ ಬೇಡ ಅಂದುಬಿಡುತ್ತೇವೆ.

ಸ್ಲೈಡ್ ನೋಡುವವಳು

ನಾನು ಪ್ಯಾಥಾಲಜಿಸ್ಟ್, ಹಾಸನದಲ್ಲೇ ಇರುವುದು. ನಿಮ್ಮ ಅಮ್ಮನನ್ನು ನೋಡಿದವಳಲ್ಲ. ಆದ್ದರಿಂದ ಇದನ್ನು ಓದಿಕೊಂಡು ಹೋಗಿ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ತೀರ್ಮಾನ ಅವರ ಜೊತೆ ಕೂತು ಮಾಡಿ.

ಮೊದಲು ತಂಗಿಯ ಭಯದ ವಿಷಯ. ಜೀನ್ ಟೆಸ್ಟ್ ಅಂತ ಜನ ಕರೆಯುವುದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಒಂದು ಬಿಆರ್‌ಸಿಎ ಪರೀಕ್ಷೆ. ಅದನ್ನು ಸಾಮಾನ್ಯವಾಗಿ ರಕ್ತದಲ್ಲಿ ಮಾಡುತ್ತಾರೆ. ಹುಟ್ಟಿನಿಂದಲೇ ಜೀನ್‌ನಲ್ಲಿ ದೋಷ ಇದೆಯಾ, ಅದು ಮಕ್ಕಳಿಗೂ ಹೋಗಿರಬಹುದಾ ಅಂತ ತಿಳಿಯುವುದು ಅದರಿಂದ. ನಿಮ್ಮ ಡಾಕ್ಟರು ಹೇಳಿದ್ದು ಅದಲ್ಲ. ಅವರು ಹೇಳಿದ್ದು ಆಪರೇಷನ್‌ನಲ್ಲಿ ತೆಗೆದ ಗಂಟಿನ ತುಂಡಿನಲ್ಲಿ ಮಾಡುವ ಪರೀಕ್ಷೆ. ಆ ಗಂಟಿನ ಜೀವಕೋಶಗಳಲ್ಲಿ ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುತ್ತದೆ, ಅಷ್ಟೇ. ತಂಗಿಯ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಪಾಸಿಟಿವ್, ನೆಗೆಟಿವ್ ಅಂತಲೂ ಬರುವುದಿಲ್ಲ. 0ರಿಂದ 100ರ ನಡುವೆ ಒಂದು ಅಂಕ ಬರುತ್ತದೆ.

ನೀವು ತೋಟದವರು, ನಿಮಗೆ ಹೀಗೆ ಹೇಳಬಹುದು. ಕಾಫಿ ಗಿಡದ ಬೇರು, ಎಲೆ, ಹಣ್ಣು ಮೂರರಲ್ಲೂ ಇರುವುದು ಅದೇ ಜೀನ್‌ಗಳು. ಆದರೂ ಬೇರು ಬೇರೇ, ಹಣ್ಣು ಹಣ್ಣೇ. ಯಾವ ಜಾಗದಲ್ಲಿ ಯಾವ ಜೀನ್ ಕೆಲಸಕ್ಕೆ ಇಳಿದಿದೆ, ಯಾವುದು ಸುಮ್ನೆ ಕೂತಿದೆ ಅನ್ನುವುದರಿಂದ ಆ ವ್ಯತ್ಯಾಸ. ಗಂಟಿನಲ್ಲೂ ಹಾಗೇ. ಜೀವಕೋಶ ಬೇಗ ಬೇಗ ಒಡೆದು ಎರಡಾಗುವಂತೆ ಮಾಡುವ ಜೀನ್‌ಗಳು ಜೋರಾಗಿದ್ದರೆ ಆ ಗಂಟು ಒರಟು. ಹಾರ್ಮೋನ್‌ಗೆ ಸ್ಪಂದಿಸುವ ಜೀನ್‌ಗಳು ಜೋರಾಗಿ, ಒಡೆಯುವ ಜೀನ್‌ಗಳು ಮೆತ್ತಗಿದ್ದರೆ ಅದು ಹಾರ್ಮೋನ್ ಮಾತ್ರೆಗೆ ಬಗ್ಗುವ ಗಂಟು.

ಇನ್ನೊಂದು ವಿಷಯ. ಜೀನ್ ಕೆಲಸವನ್ನು ಅಳೆಯುವ ಪರೀಕ್ಷೆಯನ್ನು ಅಮ್ಮನಿಗೆ ಆಗಲೇ ಮಾಡಿದ್ದಾರೆ. ಜೀನ್ ಕೆಲಸಕ್ಕೆ ಇಳಿದಾಗ ಮೊದಲು ಆರ್‌ಎನ್‌ಎ ಆಗುತ್ತದೆ, ಅದರಿಂದ ಪ್ರೋಟೀನ್ ಆಗುತ್ತದೆ. ಇಆರ್, ಪಿಆರ್, ಹರ್-2 ಅಂತ ರಿಪೋರ್ಟಿನಲ್ಲಿ ಇದೆಯಲ್ಲ, ಅದು ಪ್ರೋಟೀನ್ ಹಂತದ ಅಳತೆ. ಗಾಜಿನ ಮೇಲೆ ತೆಳ್ಳಗೆ ಕೊಯ್ದ ಪದರಕ್ಕೆ ಸ್ಟೇನ್ ಹಾಕುತ್ತೇವೆ, ಇಆರ್ ಇರುವ ಜೀವಕೋಶದ ನಡುಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ನೂರಕ್ಕೆ ಎಷ್ಟು ಕೋಶ ಕಂದಾಗಿವೆ, ಎಷ್ಟು ಗಾಢವಾಗಿವೆ ಅಂತ ಕಣ್ಣಲ್ಲೇ ನೋಡಿ ಬರೆಯುತ್ತೇವೆ. ಅಮೆರಿಕಕ್ಕೆ ಹೋಗುವ ಟೆಸ್ಟ್ ಅದರ ಹಿಂದಿನ ಹೆಜ್ಜೆಯನ್ನು, ಅಂದರೆ ಆರ್‌ಎನ್‌ಎಯನ್ನು ಅಳೆಯುತ್ತದೆ.

ಕಡೂರು ವಿಜ್ಞಾನ ಮೇಷ್ಟ್ರು

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಆರ್‌ಎನ್‌ಎ ಅಳೆಯುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬಹುದಾ? ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಅಂತ ಮಾಡುತ್ತಿದ್ದರಲ್ಲ, ಅದೇನಾ? ನಾನು ಓದಿದ್ದು ಸಾವಿರಾರು ಜೀನ್ ಒಟ್ಟಿಗೆ ಅಳೆಯುವ ಚಿಪ್ ಬಗ್ಗೆ. 1999ರಲ್ಲಿ ಅಮೆರಿಕದವರು ರಕ್ತದ ಕ್ಯಾನ್ಸರ್ ಇರುವ 38 ಜನರ ಮೂಳೆಮಜ್ಜೆಯಲ್ಲಿ 6,817 ಜೀನ್‌ಗಳನ್ನು ಒಟ್ಟಿಗೆ ಅಳೆದರು. ಆ ಕಾಯಿಲೆಯ ಎರಡು ಬಗೆಗಳಲ್ಲಿ ಎಎಂಎಲ್ ಯಾವುದು, ಎಎಲ್‌ಎಲ್ ಯಾವುದು ಅಂತ ಬರೀ ಆ ಅಂಕಿಗಳಿಂದಲೇ ಬೇರ್ಪಡಿಸಿ ತೋರಿಸಿದರು. ಮಾರನೇ ವರ್ಷವೇ ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ, ಒಳಗೆ ಹಲವು ಬಗೆ ಇವೆ ಅಂತ ಇದೇ ದಾರಿಯಲ್ಲಿ ಗೊತ್ತಾಯಿತು. ನನ್ನ ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಿದರೆ ಕಣ್ಣು ಬಿಟ್ಟು ಕೇಳುತ್ತಾರೆ.

ಸ್ಲೈಡ್ ನೋಡುವವಳು

ಹೌದು ಮೇಷ್ಟ್ರೇ, ಅದೇ ಆರ್‌ಟಿ-ಪಿಸಿಆರ್. ಕೋವಿಡ್‌ನಲ್ಲಿ ವೈರಸ್‌ನ ಆರ್‌ಎನ್‌ಎ ಹುಡುಕುತ್ತಿದ್ದೆವು, ಇಲ್ಲಿ ನಮ್ಮದೇ ಜೀವಕೋಶದ ಆರ್‌ಎನ್‌ಎ ಎಷ್ಟಿದೆ ಅಂತ ನೋಡುತ್ತೇವೆ. ಸಿಟಿ ವ್ಯಾಲ್ಯೂ ಕಡಿಮೆ ಇದ್ದರೆ ವೈರಸ್ ಜಾಸ್ತಿ ಅಂತ ಎಲ್ಲರಿಗೂ ಬಾಯಿಪಾಠ ಆಗಿತ್ತಲ್ಲ, ಲೆಕ್ಕ ಅದೇ.

ಅಮೆರಿಕಕ್ಕೆ ಹೋಗುವ ಆಂಕೋಟೈಪ್ ಅನ್ನುವ ಟೆಸ್ಟಿನಲ್ಲಿ 21 ಜೀನ್ ಇವೆ. 16 ಮಾತ್ರ ಕ್ಯಾನ್ಸರಿಗೆ ಸಂಬಂಧಿಸಿದವು. ಉಳಿದ 5 ಯಾಕೆ ಅಂದರೆ, ಒಬ್ಬರ ತುಂಡು ದೊಡ್ಡದಿರುತ್ತದೆ, ಇನ್ನೊಬ್ಬರದು ಚಿಕ್ಕದು. ಒಬ್ಬರ ಆರ್‌ಎನ್‌ಎ ಚೆನ್ನಾಗಿ ಉಳಿದಿರುತ್ತದೆ, ಇನ್ನೊಬ್ಬರದು ಅರ್ಧ ಹಾಳಾಗಿರುತ್ತದೆ. ಸುಮ್ನೆ ಅಳೆದರೆ ತುಂಡು ದೊಡ್ಡದಿದ್ದವರಿಗೆಲ್ಲ ಎಲ್ಲ ಜೀನೂ ಜೋರು ಅಂತ ಬಂದುಬಿಡುತ್ತದೆ. ಅದಕ್ಕೇ ಎಲ್ಲ ಕೋಶದಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಕೆಲಸ ಮಾಡುವ 5 ಜೀನ್‌ಗಳನ್ನು ಜೊತೆಗೆ ಅಳೆದು, ಅವುಗಳ ಎದುರಿಗೆ ಇಟ್ಟು ಉಳಿದ 16ರ ಲೆಕ್ಕ ಹಾಕುತ್ತಾರೆ. ನೆದರ್‌ಲ್ಯಾಂಡ್ಸ್‌ನಿಂದ ಬಂದ ಮಮ್ಮಾಪ್ರಿಂಟ್‌ನಲ್ಲಿ 70 ಜೀನ್, ಪ್ರೊಸಿಗ್ನಾದಲ್ಲಿ 50. ದಾರಿ ಬೇರೆ, ಕೇಳುವ ಪ್ರಶ್ನೆ ಹತ್ತಿರ ಹತ್ತಿರ ಒಂದೇ.

ಈಗ ಮೂಡಿಗೆರೆಯವರ ಅಮ್ಮನ ಮಾತು. ಇಆರ್ ಪಾಸಿಟಿವ್, ಹರ್-2 ನೆಗೆಟಿವ್, ನೋಡ್‌ಗೆ ಹರಡಿಲ್ಲ. ಇಂಥವರಿಗಾಗಿಯೇ ಮಾಡಿದ ದೊಡ್ಡ ಪ್ರಯೋಗದ ಹೆಸರು ಟೈಲರ್‌ಎಕ್ಸ್. 10,273 ಹೆಂಗಸರು ಸೇರಿದ್ದರು, ಫಲಿತಾಂಶ 2018ರಲ್ಲಿ ಬಂತು. ಆಂಕೋಟೈಪ್‌ನಲ್ಲಿ 11ರಿಂದ 25 ಅಂಕ ಬಂದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಹಾರ್ಮೋನ್ ಮಾತ್ರೆ, ಇನ್ನೊಂದಕ್ಕೆ ಕೀಮೋ ಮತ್ತು ಮಾತ್ರೆ. 9 ವರ್ಷದ ಹೊತ್ತಿಗೆ ಕಾಯಿಲೆ ದೂರದ ಅಂಗಗಳಿಗೆ ಹರಡದೇ ಇದ್ದವರು ಮಾತ್ರೆ ಗುಂಪಿನಲ್ಲಿ 94.5%, ಕೀಮೋ ಗುಂಪಿನಲ್ಲಿ 95.0%. ಅಂದರೆ ಅಷ್ಟು ಕಷ್ಟಪಟ್ಟು ಕೀಮೋ ತೆಗೆದುಕೊಂಡು ಸಿಕ್ಕಿದ್ದು ಏನೂ ಇಲ್ಲ ಅನ್ನುವಷ್ಟು. 50 ದಾಟಿದವರಿಗೆ 25ರವರೆಗೂ ಈ ಮಾತು ಸಲ್ಲುತ್ತದೆ. 50ರ ಒಳಗಿನವರಿಗೆ ಮಾತ್ರ 16ರಿಂದ ಮೇಲೆ ಕೀಮೋದಿಂದ ಸ್ವಲ್ಪ ಲಾಭ ಕಂಡಿತು, ಅವರ ವಿಷಯ ಬೇರೆ. 26 ಮತ್ತು ಅದಕ್ಕಿಂತ ಮೇಲೆ ಬಂದರೆ ಯಾವ ವಯಸ್ಸಿನವರಿಗೂ ಕೀಮೋ ಹೇಳುತ್ತಾರೆ.

ಅದಕ್ಕೇ ದುಡ್ಡು ಕಟ್ಟುವ ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಅಂಕ ಜಾಸ್ತಿ ಬಂದರೆ ಅಮ್ಮ ಕೀಮೋಗೆ ಒಪ್ಪುತ್ತಾರಾ? ಕಡಿಮೆ ಬಂದರೆ ಕೀಮೋ ಬಿಡಲು ನೀವೆಲ್ಲ ಒಪ್ಪುತ್ತೀರಾ? ಎರಡಕ್ಕೂ ಹೌದು ಅಂದರೆ ಮಾತ್ರ ಟೆಸ್ಟಿಗೆ ಬೆಲೆ. ಏನೇ ಬಂದರೂ ಕೀಮೋ ಕೊಡಿಸಿಯೇ ತೀರುತ್ತೇವೆ ಅನ್ನುವವರು, ಅಥವಾ ಏನೇ ಬಂದರೂ ಬೇಡ ಅನ್ನುವವರು ಆ ದುಡ್ಡನ್ನು ಉಳಿಸಿಕೊಳ್ಳಲಿ. ರಿಪೋರ್ಟ್ ಬಂದ ಮೇಲೆ ಅದನ್ನು ಬೀರುವಿನಲ್ಲಿ ಇಟ್ಟು ಮೊದಲೇ ಅಂದುಕೊಂಡಿದ್ದನ್ನೇ ಮಾಡಿದ ಮನೆಗಳನ್ನು ನೋಡಿದ್ದೇನೆ. ಸಾಲ ಮಾಡಿ ತಂದ ದುಡ್ಡು ಅದು, ಹೊಟ್ಟೆ ಉರಿಯುತ್ತದೆ.

ಸಕಲೇಶಪುರ

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಅತ್ತೆಯ ಗಂಟು ತೆಗೆದದ್ದು ಒಂದು ಚಿಕ್ಕ ನರ್ಸಿಂಗ್ ಹೋಂನಲ್ಲಿ. ಹೆಸರು ಬೇಡ. ಆಪರೇಷನ್ ಮುಗಿದ ಮೇಲೆ ಸಿಸ್ಟರ್ ಹೊರಗೆ ಬಂದು ಒಂದು ಪುಟ್ಟ ಬಾಟಲಿ ಕೈಗೆ ಕೊಟ್ಟು "ಇದನ್ನ ಲ್ಯಾಬಿಗೆ ಕೊಡಿ" ಅಂದರು. ಮಾತ್ರೆ ಹಾಕಿಕೊಡುವ ಡಬ್ಬಿ ಅದು. ಗಂಟು ಒಳಗೆ ಒತ್ತಿಕೊಂಡು ಕೂತಿತ್ತು, ಮೇಲೆ ಒಂದಿಷ್ಟು ನೀರಿನಂಥದ್ದು ಇತ್ತು. ಅವತ್ತು ಶನಿವಾರ ಸಂಜೆ, ಲ್ಯಾಬ್ ಮುಚ್ಚಿತ್ತು. ಸೋಮವಾರ ಕೊಟ್ಟೆವು. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ನೆಗೆಟಿವ್ ಅಂತ ಬಂತು. ಟ್ರಿಪಲ್ ನೆಗೆಟಿವ್, ಬಹಳ ಕೆಟ್ಟದ್ದು ಅಂದರು. ಮನೆ ಮಂದಿಯೆಲ್ಲ ಕುಸಿದು ಹೋದೆವು.

ಆಮೇಲೆ ಮಂಗಳೂರಿಗೆ ಹೋದಾಗ ಅಲ್ಲಿಯವರು ಆಪರೇಷನ್‌ಗೆ ಮೊದಲು ಮಾಡಿದ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ತರಿಸಿ ಮತ್ತೆ ಸ್ಟೇನ್ ಮಾಡಿಸಿದರು. ಇಆರ್ ಚೆನ್ನಾಗಿ ಪಾಸಿಟಿವ್! ಮೊದಲ ರಿಪೋರ್ಟನ್ನೇ ನಂಬಿದ್ದರೆ ಅತ್ತೆಗೆ ಹಾರ್ಮೋನ್ ಮಾತ್ರೆಯೇ ಸಿಗುತ್ತಿರಲಿಲ್ಲ. ಈಗಲೂ ನೆನೆಸಿಕೊಂಡರೆ ಕೈಕಾಲು ನಡುಗುತ್ತದೆ.

ಸ್ಲೈಡ್ ನೋಡುವವಳು

ಸಕಲೇಶಪುರದವರೇ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಈ ಪುಟದಲ್ಲಿ ಜನ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ.

ಗಂಟನ್ನು ದೇಹದಿಂದ ತೆಗೆದ ಕ್ಷಣದಿಂದ ಅದರೊಳಗಿನ ಆರ್‌ಎನ್‌ಎ, ಪ್ರೋಟೀನ್ ಹಾಳಾಗಲು ಶುರುವಾಗುತ್ತವೆ. ಒಂದು ಗಂಟೆಯ ಒಳಗೆ ಅದು, ಕೆಡದಂತೆ ಕಾಪಾಡುವ ದ್ರವವಾದ ಫಾರ್ಮಲಿನ್‌ಗೆ ಬೀಳಬೇಕು. ಸಲೈನ್ ಅಲ್ಲ, ನೀರಲ್ಲ, 10% ಬಫರ್ಡ್ ಫಾರ್ಮಲಿನ್. ತುಂಡಿನ ಹತ್ತು ಪಟ್ಟು ದ್ರವ ಇರಬೇಕು, ಬಾಟಲಿಯ ಬಾಯಿ ಅಗಲ ಇರಬೇಕು. ದೊಡ್ಡ ಗಂಟಾದರೆ ಫಾರ್ಮಲಿನ್ ಒಳಗೆ ಇಳಿಯಲಿ ಅಂತ ಕೊಯ್ದು ತೆರೆದಿಡಬೇಕು. ಕಡಿಮೆ ಅಂದರೆ 6 ಗಂಟೆ, ಜಾಸ್ತಿ ಅಂದರೆ 72 ಗಂಟೆ ಅದರಲ್ಲಿ ಇರಬಹುದು. ಆಮೇಲೆ ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತೇವೆ. ಲಕ್ಷದ ಟೆಸ್ಟಿಗೂ ಹೋಗುವುದು ಅದೇ ಬ್ಲಾಕ್. ಇಲ್ಲಿ ಬಾಟಲಿಯಲ್ಲೇ ಕೆಟ್ಟ ತುಂಡನ್ನು ಕ್ಯಾಲಿಫೋರ್ನಿಯಾದ ಯಾವ ಮೆಷೀನೂ ಸರಿಮಾಡುವುದಿಲ್ಲ.

ಆಪರೇಷನ್‌ಗೆ ಮೊದಲೇ ಕೇಳಿ: "ಡಾಕ್ಟ್ರೇ, ಗಂಟನ್ನು ಫಾರ್ಮಲಿನ್‌ನಲ್ಲಿ ಹಾಕ್ತೀರಲ್ವಾ? ಲ್ಯಾಬಿಗೆ ಯಾವಾಗ ಹೋಗುತ್ತೆ?" ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಕೇಳಿ. ಶನಿವಾರ ಸಂಜೆಯ ಆಪರೇಷನ್ ಆದರೆ ಇನ್ನೂ ಗಟ್ಟಿಯಾಗಿ ಕೇಳಿ.

ಅರಸೀಕೆರೆ ರೈಲು

ನಮ್ಮ ಅಪ್ಪನದು ಬೇರೆ ಕಥೆ, ಆದರೆ ಇಲ್ಲಿಗೆ ಸೇರುತ್ತದೆ ಅನ್ನಿಸಿತು. ಅವರಿಗೆ ಸಿಎಂಎಲ್, ರಕ್ತದ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸುತ್ತಿದ್ದೇವೆ. ದಿನಾ ಇಮ್ಯಾಟಿನಿಬ್ 400 ಮಿ.ಗ್ರಾಂ. ಮಾತ್ರೆ. ಮೊದಲು ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಅಂತ ಟೆಸ್ಟ್ ಮಾಡಿಸುತ್ತಿದ್ದರು. ಇದೂ ಜೀನ್ ಅಳೆಯುವುದೇ ಅಲ್ವಾ ಮೇಡಂ? ಅಪ್ಪನಿಗೆ ಆ ಪರ್ಸೆಂಟ್ ಬಾಯಲ್ಲೇ ಇರುತ್ತದೆ. ಅಡಿಕೆ ರೇಟ್ ಕೇಳಿದ ಹಾಗೆ ಕೇಳುತ್ತಾರೆ, "ಈ ಸಲ ಎಷ್ಟು ಇಳೀತು?" ಅಂತ.

ಸ್ಲೈಡ್ ನೋಡುವವಳು

ಇದೇ ಅಪ್ಪಟ ಉದಾಹರಣೆ. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಎರಡು ಜೀನ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಅಂಟಿದ ಜೀನ್‌ನಿಂದ ಬರುವ ಆರ್‌ಎನ್‌ಎ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವುದೇ ನಿಮ್ಮ ಅಪ್ಪನ ಟೆಸ್ಟ್. 3 ತಿಂಗಳಿಗೆ 10%ಕ್ಕೆ, 6 ತಿಂಗಳಿಗೆ 1%ಕ್ಕೆ, ವರ್ಷಕ್ಕೆ 0.1%ಕ್ಕೆ ಇಳಿದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ. ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಮೊದಲು ಕೇಳುವುದು "ಮಾತ್ರೆ ತಪ್ಪಿಸಿದಿರಾ?" ಅಂತ. ಆಮೇಲೆ ಬೇರೆ ಔಷಧಿಯ ಯೋಚನೆ.

ರೋಗಿಗೆ ಏನೂ ಗೊತ್ತಾಗುವ ಮೊದಲೇ, ರಕ್ತದ ಕೌಂಟ್ ನಾರ್ಮಲ್ ಇರುವಾಗಲೇ ಈ ಟೆಸ್ಟ್ ಎಚ್ಚರಿಸುತ್ತದೆ. ಹಾಗಾಗಿ ನಾನು ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಒಂದು ಕಿವಿಮಾತು: ರಕ್ತವನ್ನು ಊರಲ್ಲೇ ತೆಗೆಸಿ ಕಳಿಸುವುದಾದರೆ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ, ತಂಪಾಗಿಟ್ಟು, ಆದಷ್ಟು ಬೇಗ ಲ್ಯಾಬ್ ಸೇರಿಸಬೇಕು. ಹಳಸಿದ ರಕ್ತದಲ್ಲಿ ಆರ್‌ಎನ್‌ಎ ಹಾಳಾಗಿ ಅಂಕಿಯನ್ನೇ ನಂಬಲಾಗದ ಹಾಗೆ ಆಗುತ್ತದೆ. ಮತ್ತೆ, ಪ್ರತಿ ಸಲವೂ ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಕಡೂರು ವಿಜ್ಞಾನ ಮೇಷ್ಟ್ರು

ಇಮ್ಯಾಟಿನಿಬ್ ಇವತ್ತು ಬಡವರ ಕೈಗೆ ಸಿಗುತ್ತಿದೆ ಅಂದರೆ ಅದರ ಹಿಂದೆ ಕೋರ್ಟಿನ ಹೋರಾಟ ಇದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಔಷಧಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು, ನಮ್ಮ ದೇಶದ ಕಂಪನಿಗಳು ಅಗ್ಗದ ಮಾತ್ರೆ ಮಾಡುವುದು ನಿಲ್ಲಲಿಲ್ಲ. ಜೀನ್ ಟೆಸ್ಟ್‌ಗೂ ಅಂಥದ್ದೊಂದು ದಾರಿ ಬೇಕು ಅನ್ನುತ್ತೇನೆ. ಬಿಪಿಎಲ್ ಕಾರ್ಡಿನವರಿಗೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೀಮೋಗೆ ದುಡ್ಡು ಕೊಡುವ ಸರ್ಕಾರ, ಕೀಮೋ ಬೇಡ ಅಂತ ಹೇಳುವ ಟೆಸ್ಟಿಗೆ ಯಾಕೆ ಕೊಡಬಾರದು? ಬೇಡದ ಕೀಮೋ ತಪ್ಪಿದರೆ ಹೆಂಗಸರಿಗೂ ಒಳ್ಳೆಯದು, ಖಜಾನೆಗೂ ಒಳ್ಳೆಯದು.

ಸ್ಲೈಡ್ ನೋಡುವವಳು

ಮೇಷ್ಟ್ರೇ, ನಿಮ್ಮ ಆಸೆಗೆ ನನ್ನ ಒಪ್ಪಿಗೆ ಇದೆ, ಆದರೆ ಅದಕ್ಕೂ ಮೊದಲು ಆಗಬೇಕಾದದ್ದು ಬೇರೆ ಇದೆ. ಸರ್ಕಾರದ ದುಡ್ಡು ಮೊದಲು ಪ್ರತಿ ತಾಲ್ಲೂಕಿನ ಆಪರೇಷನ್ ಥಿಯೇಟರಿಗೆ ಸರಿಯಾದ ಫಾರ್ಮಲಿನ್ ಬಾಟಲಿಗೆ ಹೋಗಲಿ. ಆಮೇಲೆ ಜಿಲ್ಲೆಗೊಂದು ನಂಬಬಹುದಾದ ಸ್ಟೇನಿಂಗ್ ಲ್ಯಾಬ್ ಆಗಲಿ. ಇಆರ್, ಪಿಆರ್, ಹರ್-2 ಸರಿಯಾಗಿ ಬಂದರೆ ಬಹಳಷ್ಟು ಹೆಂಗಸರ ಚಿಕಿತ್ಸೆಯ ದಾರಿ ಅಲ್ಲೇ ತೀರ್ಮಾನ ಆಗುತ್ತದೆ.

ಇನ್ನು ದುಡ್ಡಿಲ್ಲದವರಿಗೆ ಏನೂ ಇಲ್ಲ ಅಂತಲ್ಲ. ಮಗೀ ಅಂತ ಒಂದು ಲೆಕ್ಕ ಇದೆ, ಅಮೆರಿಕದ ಪಿಟ್ಸ್‌ಬರ್ಗ್‌ನವರು ಮಾಡಿದ್ದು, ಪುಕ್ಕಟೆ. ರಿಪೋರ್ಟಿನಲ್ಲಿ ಇರುವ ಗ್ರೇಡ್, ಗಾತ್ರ, ಇಆರ್, ಪಿಆರ್, ಹರ್-2, ಕೆಐ-67 ಹಾಕಿದರೆ ಆಂಕೋಟೈಪ್ ಅಂಕ ಸುಮಾರು ಎಷ್ಟು ಬರಬಹುದು ಅಂತ ಅಂದಾಜು ಕೊಡುತ್ತದೆ. 18ಕ್ಕಿಂತ ಕಡಿಮೆ ಬಂದರೆ ನಿಜವಾದ ಅಂಕ 25 ದಾಟುವ ಸಾಧ್ಯತೆ ಬಹಳ ಕಡಿಮೆ. ಇಂಗ್ಲೆಂಡಿನ ಪ್ರೆಡಿಕ್ಟ್ ಅನ್ನುವುದೂ ಪುಕ್ಕಟೆ, ಕೀಮೋದಿಂದ ನೂರಕ್ಕೆ ಎಷ್ಟು ಜನಕ್ಕೆ ಲಾಭ ಅಂತ ತೋರಿಸುತ್ತದೆ. ಮೂಡಿಗೆರೆಯವರೇ, ಇವೆರಡನ್ನೂ ಹಾಕಿ ನೋಡಿ ಅಂತ ಡಾಕ್ಟರನ್ನು ಕೇಳಿ. ಬೆಂಗಳೂರಿನಲ್ಲೇ ರೂಪುಗೊಂಡ ಕ್ಯಾನ್‌ಅಸಿಸ್ಟ್ ಅನ್ನುವ ಟೆಸ್ಟೂ ಇದೆ. ಅದು ಆರ್‌ಎನ್‌ಎ ಅಲ್ಲ, 5 ಪ್ರೋಟೀನ್‌ಗಳನ್ನು ಸ್ಟೇನ್ ಮಾಡಿ, ಗಾತ್ರ, ಗ್ರೇಡ್, ನೋಡ್ ಸೇರಿಸಿ ಲೆಕ್ಕ ಹಾಕುತ್ತದೆ. ಟೈಲರ್‌ಎಕ್ಸ್‌ನಷ್ಟು ದೊಡ್ಡ ಪ್ರಯೋಗದ ಬಲ ಅದಕ್ಕಿಲ್ಲ, ಅದನ್ನೂ ತಿಳಿದೇ ಮಾಡಿಸಬೇಕು.

ಕಡೂರು ವಿಜ್ಞಾನ ಮೇಷ್ಟ್ರು

ಮೇಡಂ, ಎರಡೂ ಒಟ್ಟಿಗೆ ಕೇಳಬೇಕು ಅಂತ ನನ್ನ ವಾದ. ಮೊದಲು ಅದು, ಆಮೇಲೆ ಇದು ಅಂದರೆ "ಆಮೇಲೆ" ಬರುವುದೇ ಇಲ್ಲ, ನಮ್ಮ ಕಡೆ ರಸ್ತೆಗಳನ್ನು ನೋಡಿ. ಇದೊಂದರಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ.

ಚಿಕ್ಕಮಗಳೂರು ಮೆಡಿಕಲ್ಸ್

ನಾನು ಔಷಧಿ ಅಂಗಡಿಯವನು. ಯಾರೂ ಹೇಳದ ಒಂದು ಮಾತು ಸೇರಿಸುತ್ತೇನೆ. ಕೀಮೋ ಬೇಡ ಅಂತ ಬಂತು ಅಂದ ಕೂಡಲೇ ಮನೆಯವರು ಕಾಯಿಲೆಯೇ ಮುಗಿಯಿತು ಅಂದುಕೊಳ್ಳುತ್ತಾರೆ. ಲೆಟ್ರೊಜೋಲ್ ಅನ್ನುವ ಹಾರ್ಮೋನ್ ಮಾತ್ರೆಯನ್ನು ಒಂದಿಷ್ಟು ತಿಂಗಳು ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ನಾಪತ್ತೆ. ಕೇಳಿದರೆ "ಮೂಳೆ ನೋವು ಬರ್ತಿತ್ತು, ಬಿಟ್ಟುಬಿಟ್ಟೆ" ಅಂತಾರೆ. ಮೇಡಂ ಹೇಳಿದ 94.5% ಮಾತ್ರೆ ಕೊಟ್ಟ ಗುಂಪಿನ ಲೆಕ್ಕ. ಕಡಿಮೆ ಅಂದರೂ 5 ವರ್ಷ ತೆಗೆದುಕೊಳ್ಳುವ ಮಾತ್ರೆ ಅದು. ನೋವಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ನಿಲ್ಲಿಸಬೇಡಿ ಅಮ್ಮಂದಿರೇ.

ಮೂಡಿಗೆರೆ ತೋಟ

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಮೇಡಂ ಬರೆದದ್ದನ್ನು ತಂಗಿಗೆ ಓದಿ ಹೇಳಿದೆ, ಸಮಾಧಾನ ಆಗಿದೆ. ಮಗೀ, ಪ್ರೆಡಿಕ್ಟ್ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಗುರುವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಬ್ಲಾಕ್ ಈಗ ಯಾರ ಹತ್ತಿರ ಇರುತ್ತದೆ? ನಾವು ಕೇಳಿದರೆ ಕೊಡುತ್ತಾರಾ?

ಸ್ಲೈಡ್ ನೋಡುವವಳು

ಪರೀಕ್ಷೆ ಮಾಡಿದ ಲ್ಯಾಬಿನಲ್ಲೇ ಇರುತ್ತದೆ. ಅರ್ಜಿ ಬರೆದುಕೊಟ್ಟು, ಸಹಿ ಹಾಕಿ ತೆಗೆದುಕೊಳ್ಳಬಹುದು. ಗಂಟು ಜಾಸ್ತಿ ಇರುವ ಬ್ಲಾಕ್ ಯಾವುದು ಅಂತ ಪ್ಯಾಥಾಲಜಿಸ್ಟನ್ನೇ ಕೇಳಿ ಆರಿಸಿಕೊಳ್ಳಿ, ನಂಬರ್ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.

ಆಲೂರು ಹೊಸಬಳು

ತಡವಾಗಿ ಓದುತ್ತಿದ್ದೇನೆ. ನಮ್ಮ ದೊಡ್ಡಮ್ಮನ ರಿಪೋರ್ಟಿನಲ್ಲಿ ಹರ್-2 ಮುಂದೆ 2+ ಅಂತ ಇದೆ. ಪಾಸಿಟಿವ್ ಅಂತಲೂ ಇಲ್ಲ, ನೆಗೆಟಿವ್ ಅಂತಲೂ ಇಲ್ಲ. ಬಂದು ತೋರಿಸಿ ಅಂದಿದ್ದಾರೆ, ಕಾಫಿ ಕೊಯ್ಲು ಮುಗಿಸಿ ಹೋಗೋಣ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ.

ಸ್ಲೈಡ್ ನೋಡುವವಳು

ಕೊಯ್ಲಿಗೆ ಕಾಯಬೇಡಿ ಅಮ್ಮಾ. 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. 2+ ಅಂದರೆ ಸ್ಟೇನ್ ನೋಡಿ ಹೇಳಲು ಆಗಲಿಲ್ಲ ಅಂತ. ಅದೇ ಬ್ಲಾಕ್‌ನಲ್ಲಿ ಫಿಶ್ ಅನ್ನುವ ಟೆಸ್ಟ್ ಮಾಡಿಸಬೇಕು, ಹರ್-2 ಜೀನ್‌ನ ಪ್ರತಿಗಳು ಹೆಚ್ಚಾಗಿವೆಯಾ ಅಂತ ಅದರಲ್ಲಿ ಎಣಿಸುತ್ತಾರೆ. ಹೆಚ್ಚಾಗಿದ್ದರೆ ಬೇಲೂರಿನ ಅಕ್ಕ ತೆಗೆದುಕೊಂಡ ಇಂಜೆಕ್ಷನ್ ದೊಡ್ಡಮ್ಮನಿಗೂ ಬೇಕಾಗುತ್ತದೆ. ದೊಡ್ಡಮ್ಮ ಬರಬೇಕು ಅಂತಿಲ್ಲ, ಬ್ಲಾಕ್ ಮತ್ತು ರಿಪೋರ್ಟ್ ಹಿಡಿದು ಮನೆಯ ಒಬ್ಬರು ಹೋದರೂ ಟೆಸ್ಟ್ ಶುರುವಾಗುತ್ತದೆ. ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಕೂತಿರುತ್ತಾರೆ, ಮೊದಲು ಅವರನ್ನು ಕಂಡು ಏನೇನು ಸೇರುತ್ತದೆ ಅಂತ ಕೇಳಿ.

ಬೇಲೂರಿನ ಅಕ್ಕ

ಆಲೂರಿನ ತಂಗೀ, ದೊಡ್ಡಪ್ಪನಿಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ನನಗೆ ಮೆಸೇಜ್ ಹಾಕು.